ದೀಪವಿಲ್ಲದ ಊರಿಗೂ ಗಡಿ ಇದೆ

ಇವತ್ತಿನ ಕತೆ ಶುರುವಾಗಿದ್ದು ನನ್ನ ಫೋನ್‌ನಲ್ಲಿ. ಊರಿಗೆ ಹೋದಾಗ ನಮ್ಮ ಹೊಲದಲ್ಲಿ ನಿಂತು ದಿಶಾಂಕ್ ಆ್ಯಪ್ ತೆರೆದೆ. ನಿಂತ ಜಾಗದ ಸರ್ವೆ ನಂಬರ್, ಹೋಬಳಿ, ತಾಲ್ಲೂಕು ಎಲ್ಲ ಬಂತು. ಆದ್ರೆ ಗ್ರಾಮದ ಹೆಸರು ಮಾತ್ರ ನಮ್ಮೂರದ್ದಲ್ಲ, ನಾನು ಯಾವತ್ತೂ ಕೇಳಿರದ ಹೆಸರು. ಸುತ್ತ ನೋಡಿದೆ. ಜೋಳ, ಒಂದು ಹಾಳುಬಾವಿ, ಬೇವಿನ ಮರದ ಕೆಳಗೆ ಹನುಮಪ್ಪನ ಗುಡಿ. ಮನೆ ಒಂದೂ ಇಲ್ಲ. ಪಕ್ಕದ ಹೊಲದ ಅಜ್ಜನನ್ನು ಕೇಳಿದ್ರೆ, "ಅದು ಬೇಚರಾಕ್ ಊರು ತಮ್ಮಾ" ಅಂದ.

ಬೇಚರಾಕ್ ಅನ್ನೋದು ಪಾರಸಿಯಿಂದ ಬಂದ ಪದ. 'ಬೇ' ಅಂದ್ರೆ ಇಲ್ಲದ, 'ಚಿರಾಗ್' ಅಂದ್ರೆ ದೀಪ. ಸಂಜೆ ದೀಪ ಹಚ್ಚೋರಿಲ್ಲದ ಊರು. ಇದೇನು ಅಪರೂಪವಲ್ಲ. 2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ 29,340 ಹಳ್ಳಿಗಳಿದ್ದವು, ಅದರಲ್ಲಿ 1,943ರಲ್ಲಿ ಒಬ್ಬರೂ ವಾಸವಿರಲಿಲ್ಲ.

ಹಾಗಾದ್ರೆ ಅವು ಪಟ್ಟಿಯಲ್ಲಿ ಯಾಕಿವೆ? ಕಂದಾಯ ಇಲಾಖೆಗೆ ಗ್ರಾಮ ಅಂದ್ರೆ ಮೊದಲು ಜಮೀನು, ಆಮೇಲೆ ಜನ. ಧಾರವಾಡ ಕಡೆ 1840ರ ದಶಕದಲ್ಲಿ, ಮೈಸೂರು ಸೀಮೆಯಲ್ಲಿ 1863ರಿಂದ ಬಾಂಬೆ ಪದ್ಧತಿಯ ಸರ್ವೆ ನಡೀತು. ಹೊಲ ಅಳೆದು, ನಂಬರ್ ಕೊಟ್ಟು, ಬಾಂದು ಕಲ್ಲು ನೆಟ್ಟು, ಇಷ್ಟು ನಂಬರ್ ಸೇರಿದ್ರೆ ಒಂದು ಗ್ರಾಮ ಅಂತ ನಕ್ಷೆ ಬರೆದರು. ಕಂದಾಯ ಬರೋದು ನೆಲದಿಂದ. ಜನ ಹೋದ್ರೂ ನೆಲ ಅಲ್ಲೇ ಇರುತ್ತಲ್ಲ!

ಜನ ಹೋಗೋಕೆ ಕಾರಣಗಳೂ ಇದ್ದವು. 1876–78ರ ಬರ, ನಮ್ಮ ಹಿರಿಯರು ಹೇಳೋ ಧಾತು–ಈಶ್ವರ ಬರ, ಮೈಸೂರು ಸಂಸ್ಥಾನವನ್ನೇ ಬರಿದು ಮಾಡ್ತು. 1871ರಲ್ಲಿ ಸುಮಾರು 50 ಲಕ್ಷ ಇದ್ದ ಜನಸಂಖ್ಯೆ 1881ಕ್ಕೆ 42 ಲಕ್ಷಕ್ಕೂ ಕೆಳಗಿಳೀತು. 1898ರಲ್ಲಿ ಪ್ಲೇಗ್ ಬಂತು. ಮುಂದೆ ಆಣೆಕಟ್ಟಿನ ಹಿನ್ನೀರಲ್ಲೂ ಊರುಗಳು ಮುಳುಗಿದವು.

ಈಗ ಇದನ್ನೇ ತಿರುಗಿಸಿ ನೋಡಿ. ಜನ ಇದ್ದಾರೆ, ಆದ್ರೆ ಗ್ರಾಮ ಇಲ್ಲ. ಲಂಬಾಣಿ ತಾಂಡಾ, ಗೊಲ್ಲರ ಹಟ್ಟಿಗಳಲ್ಲಿ ಎಷ್ಟೋ ಕಡೆ ತಲೆಮಾರುಗಳಿಂದ ಮನೆ ಕಟ್ಟಿ ಬಾಳಿದ್ರೂ ದಾಖಲೆಯಲ್ಲಿ ಅದು ಬೇರೆ ಯಾವುದೋ ಗ್ರಾಮದ ಸರ್ವೆ ನಂಬರ್ ಅಷ್ಟೇ. ಗ್ರಾಮಠಾಣ ಇಲ್ಲ, ಮನೆಗೆ ಹಕ್ಕುಪತ್ರ ಇಲ್ಲ. ಆ ಕಾಗದ ಇಲ್ಲದೆ ಮನೆ ಅಡವಿಟ್ಟು ಬ್ಯಾಂಕ್ ಸಾಲ ಕೇಳೋದು ಹೇಗೆ? ಸ್ವಂತ ಮನೆಯಲ್ಲೇ ಒತ್ತುವರಿದಾರರ ಹಾಗೆ ಬದುಕಬೇಕು.

ಕೊನೆಗೆ ಕಾನೂನು ತಿದ್ದುಪಡಿಯಾಯ್ತು. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರ ಜಿಲ್ಲೆಗಳ ಸುಮಾರು 1,475 ದಾಖಲೆರಹಿತ ಜನವಸತಿಗಳನ್ನು ಕಂದಾಯ ಗ್ರಾಮ ಅಂತ ಘೋಷಿಸಿದರು. 2023ರ ಜನವರಿಯಲ್ಲಿ ಮಳಖೇಡದಲ್ಲಿ 50 ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಕೊಡೋದು ಶುರುವಾಯ್ತು.

ನನ್ನ ತಲೆಯಲ್ಲಿ ಉಳಿದದ್ದು ಇಷ್ಟು. ಒಬ್ಬರೂ ಇಲ್ಲದ ಊರಿನ ಗಡಿಯನ್ನು ನೂರು ವರ್ಷಕ್ಕೂ ಹೆಚ್ಚು ಕಾಲ ಜೋಪಾನ ಮಾಡಿದ ನಮಗೆ, ದಿನಾ ಒಲೆ ಹೊಗೆಯಾಡುವ ತಾಂಡಾಕ್ಕೆ ಒಂದು ಗಡಿ ಬರೆಯೋಕೆ ಇಷ್ಟು ಕಾಲ ಬೇಕಾಯ್ತು.

ನಿಮ್ಮ ಪಹಣಿಯಲ್ಲಿ ಯಾವ ಗ್ರಾಮದ ಹೆಸರಿದೆ? ಇವತ್ತೇ ತೆಗೆದು ನೋಡಿ. ಗೊತ್ತಿಲ್ಲದ ಹೆಸರಾದ್ರೆ ಮನೆಯ ಹಿರಿಯರನ್ನು ಕೇಳಿ. ಹೇಳೋರು ಇರುವಾಗಲೇ ಕೇಳಿ.