ಸೋಲಿಗರ ತರಗುಬೆಂಕಿ

ಕಾಡಿನ ಜನರನ್ನು ನಾಡಿನ ವಿದ್ವಾಂಸರು ಕಂಡ ಬಗೆ ಬಹುಕಾಲದಿಂದ ಒಂದೇ ತೆರನಾದುದು. ಬಾಣಭಟ್ಟನ 'ಕಾದಂಬರಿ'ಯ ಶಬರರು ಬೇಟೆಯೇ ಬಾಳಾದ ಕ್ರೂರಿಗಳು. ಆದರೆ 1997ರವರೆಗೆ ಮೈಸೂರು ಜಿಲ್ಲೆಗೇ ಸೇರಿದ್ದ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಜೀವನಕ್ರಮವನ್ನು ವಿಚಾರಿಸಿದರೆ, ಗ್ರಂಥಸ್ಥವಾಗದ ಶಾಸ್ತ್ರವೊಂದು ಅವರಲ್ಲಿ ಬೆಳೆದುಬಂದಿರುವುದು ವಿದಿತವಾಗುತ್ತದೆ.

ಸೋಲಿಗರಲ್ಲಿ ಹಲವು ಕುಲಗಳುಂಟು. ಅವರ ಹಾಡಿಗೆ ಪೋಡು ಎಂದು ಹೆಸರು. ಕುಲಕುಲಕ್ಕೂ ತನ್ನದಾದ ಎಲ್ಲೆಯಿದ್ದು, ಅದರೊಳಗೆ ದೇವರು, ಮಾರಮ್ಮ, ವೀರು, ಹಿರಿಯರ ನೆನಪಿನ ಕಲ್ಲುಗುಡಿ, ಅಬ್ಬಿ ಮೊದಲಾದ ಪವಿತ್ರಸ್ಥಾನಗಳಿರುತ್ತವೆ. ಭಾರ್ಗವೀ ನದಿಯ ತೀರದ ದೊಡ್ಡಸಂಪಿಗೆಯ ಮರ ಅವರಿಗೆ ಸಾಕ್ಷಾತ್ ದೇವಾಲಯ. ಸೋಲಿಗರ ಕನ್ಯೆ ಕುಸುಮಾಲೆಯನ್ನು ವರಿಸಿದನೆಂಬ ಐತಿಹ್ಯದಿಂದ ಬೆಟ್ಟದ ರಂಗನಾಥನು ಅವರಿಗೆ ಭಾವನಾಗಿದ್ದಾನೆ.

ಹಿಂದೆ ಅವರು ಸ್ವಲ್ಪ ನೆಲವನ್ನು ಸವರಿ, ರಾಗಿ ಮೊದಲಾದವನ್ನು ಬೆಳೆದು, ಕೆಲವು ವರ್ಷಗಳಲ್ಲಿ ಅದನ್ನು ಕಾಡಿಗೇ ಬಿಟ್ಟು ಮುಂದಕ್ಕೆ ಹೋಗುತ್ತಿದ್ದರು. ಬೇಸಗೆಯ ಬಿಸಿಲು ಏರುವ ಮುನ್ನ ತರಗೆಲೆಗೆ ಸಣ್ಣ ಬೆಂಕಿಯನ್ನಿಡುತ್ತಿದ್ದರು. ಇದೇ ತರಗುಬೆಂಕಿ. ಇದು ಖಾಂಡವದಹನವಲ್ಲ. ನೆಲದ ಕಸವನ್ನು ಸುಟ್ಟು ತಾನೇ ಆರುವ ಈ ಬೆಂಕಿಯಿಂದ ಹೊಸ ಹುಲ್ಲು ಚಿಗುರುತ್ತದೆ, ನೆಲ್ಲಿಯ ಮರಕ್ಕೆ ಹತ್ತುವ ಬಂದಳಿಕೆ ಅಡಗುತ್ತದೆ, ದೊಡ್ಡ ಕಾಳ್ಗಿಚ್ಚಿಗೆ ಆಹಾರ ಉಳಿಯದು ಎಂಬುದು ಸೋಲಿಗರ ಮತ.

1974ರಲ್ಲಿ ಬೆಟ್ಟವು ವನ್ಯಜೀವಿಧಾಮವಾಯಿತು. ಬೇಟೆಯೂ ಅಲೆಮಾರಿ ಬೇಸಾಯವೂ ತರಗುಬೆಂಕಿಯೂ ನಿಂತವು. ಪೋಡುಗಳನ್ನು ಒಂದೆಡೆ ನೆಲೆಗೊಳಿಸಲಾಯಿತು. ಕಾಡನ್ನು ರಕ್ಷಿಸುವುದೇ ಉದ್ದೇಶವಾಗಿದ್ದರೂ, ಪರದೇಶದಿಂದ ಬಂದ ಲಂಟಾನದ ಪೊದೆ ಅಲ್ಲಿ ಹಬ್ಬಿತು. 1997ರಿಂದ 2008ರೊಳಗೆ ಅದು ಕಾಣಸಿಗುವ ತಾಣಗಳು ಸುಮಾರು ಇಮ್ಮಡಿಯಾದವು. ಬೆಂಕಿ ನಿಂತದ್ದೇ ಇದಕ್ಕೆ ಕಾರಣವೆಂದು ಸೋಲಿಗರು ಹೇಳುತ್ತಾರೆ.

ಅರಿಯದೆ ನಿಷೇಧಿಸುವ ಈ ಪರಿ ಭಾರತಕ್ಕೆ ಮಾತ್ರ ಸೀಮಿತವಲ್ಲ. ಕೆನಡಾ ದೇಶದ ಪಶ್ಚಿಮ ಕರಾವಳಿಯಲ್ಲಿ ಸಾಲ್ಮನ್ ಮೀನನ್ನೂ ಸೀಡರ್ ಮರವನ್ನೂ ಆಶ್ರಯಿಸಿ ಬಾಳಿದ ಕ್ವಾಕಿಯುಟಲ್ ಜನರಲ್ಲಿ ಪಾಟ್ಲಾಚ್ ಎಂಬ ಮಹೋತ್ಸವವುಂಟು. ಅದರಲ್ಲಿ ಕೂಡಿಟ್ಟುದನ್ನು ಹಂಚಿದವನೇ ಹಿರಿಯನು. ವಿಶ್ವಜಿದ್ಯಾಗದಲ್ಲಿ ಸರ್ವಸ್ವವನ್ನೂ ಕೊಟ್ಟ ರಘುಮಹಾರಾಜನ ಕಥೆಯನ್ನು ಬಲ್ಲವರಿಗೆ ಇದು ವಿಚಿತ್ರವೆನಿಸದು. ಅಲ್ಲಿನ ಸರ್ಕಾರವಾದರೋ ಇದನ್ನು ದುಂದೆಂದು ಭಾವಿಸಿ 1885ರಿಂದ ನಿಷೇಧಿಸಿತು; 1921ರ ಉತ್ಸವವೊಂದರ ನಂತರ ಮುಖವಾಡಗಳನ್ನೂ ವಶಪಡಿಸಿಕೊಂಡಿತು. ನಿಷೇಧವು ತೊಲಗಿದ್ದು 1951ರಲ್ಲಿ.

ಬಿಳಿಗಿರಿಯಲ್ಲಿ ನ್ಯಾಯವು ಅರ್ಧದಾರಿಯನ್ನು ಕ್ರಮಿಸಿದೆ. 2006ರ ಅರಣ್ಯ ಹಕ್ಕು ಕಾಯಿದೆಯ ಪ್ರಕಾರ 2011ರಲ್ಲಿ 25 ಗ್ರಾಮಸಭೆಗಳಿಗೆ ಸಾಮುದಾಯಿಕ ಅರಣ್ಯ ಹಕ್ಕು ದೊರೆಯಿತು. ಅದೇ ವರ್ಷ ಆ ಕಾಡು ಹುಲಿ ಸಂರಕ್ಷಿತ ಪ್ರದೇಶವೂ ಆಗಿತ್ತು. ಜೇನು, ನೆಲ್ಲಿ, ಪಾಚಿಗಳನ್ನು ಸಂಗ್ರಹಿಸುವ ಅಧಿಕಾರ ಮರಳಿತು. ತರಗುಬೆಂಕಿಯನ್ನು ಎಂದು, ಎಲ್ಲಿ, ಎಷ್ಟು ಇಡಬೇಕೆಂದು ಬಲ್ಲ ಹಿರಿಯರು ಮಾತ್ರ ವರ್ಷೇ ವರ್ಷೇ ಕಡಮೆಯಾಗುತ್ತಿದ್ದಾರೆ. ಹಕ್ಕನ್ನು ಕಾಗದದಿಂದ ಹಿಂದಕ್ಕೆ ಕೊಡಬಹುದು. ಕೈಯಿಂದ ಕೈಗೆ ಬಂದ ವಿದ್ಯೆಗೆ ಕಲಿಸುವವರೂ ಕಲಿಯುವವರೂ ಒಟ್ಟಿಗೆ ಇರಬೇಕು.