ನಿಫಾಡದಲ್ಲಿ ಸಿಗದ ಹಣ್ಣು

ಬಡ್ತಿಯ ಜೊತೆಗೇ ನಿಫಾಡಕ್ಕೆ ವರ್ಗವಾಯಿತು. ನಾಸಿಕ ಜಿಲ್ಲೆಯ ಈ ತಾಲ್ಲೂಕು ದ್ರಾಕ್ಷಿಯ ಸೀಮೆ. ತೋಟಗಳಿಗೆ ಸಾಲ ಮಂಜೂರು ಮಾಡುವುದೇ ನನ್ನ ಕೆಲಸ. ಅಪ್ಪ ತೀರಿಕೊಂಡ ಮೇಲೆ ಆಯಿಯನ್ನೂ ಶಿರಸಿಯಿಂದ ಕರೆತಂದೆ. ಮೊದಲ ದಿನವೇ ದ್ರಾಕ್ಷಿ ತಂದುಕೊಟ್ಟರೆ ಎರಡು ಬಾಯಿಗೆ ಹಾಕಿಕೊಂಡು, "ತಮಾ, ಇಲ್ಲಿ ಹಣ್ಣು ಸಂಪಿಗೆ ಸಿಕ್ತಿಲ್ಯನ?" ಎಂದು ಕೇಳಿದಳು.

ಎಲ್ಲಿಂದ ಸಿಗಬೇಕು! ಕಾಂಡದ ಮೇಲೆಲ್ಲ ಮುಳ್ಳಿರುವ, ಕೆಂಪು ಗೋಲಿಯಂಥ ಹಣ್ಣಿನ ಆ ಮರ ಪಶ್ಚಿಮ ಘಟ್ಟದ ಮಳೆಕಾಡಿನದು. ಕಪ್ಪು ಮಣ್ಣಿನ ಬಯಲುಸೀಮೆ ಅದಕ್ಕೆ ಒಗ್ಗದು. ಮರಾಠಿಯಲ್ಲಿ ಅದಕ್ಕೆ ‘ಅಟಕ್’ ಎನ್ನುತ್ತಾರೆಂದು ತಿಳಿದು ನಮ್ಮ ಪ್ಯೂನನನ್ನು ಕೇಳಿದೆ. ಮರಾಠಿಯಲ್ಲಿ ‘ಅಟಕ್’ ಅಂದರೆ ಬಂಧನವೂ ಹೌದಲ್ಲ, "ಯಾರನ್ನ ಸಾಹೇಬ್ರೇ?" ಎಂದು ಗಾಬರಿಯಾದ!

ನಿವೃತ್ತಿಯ ನಂತರ ಈ ಹಣ್ಣಿನ ಚರಿತ್ರೆ ಹುಡುಕಿದೆ. ಶಾಸ್ತ್ರೀಯ ಹೆಸರು ಫ್ಲಕೋರ್ಷಿಯಾ ಮೊಂಟಾನಾ. ‘ಮೊಂಟಾನಾ’ ಅಂದರೆ ಬೆಟ್ಟದ್ದು. ಫ್ಲಕೋರ್ಟ್ ಎಂಬಾತ ಮಡಗಾಸ್ಕರಿನ ಫ್ರೆಂಚ್ ಗವರ್ನರ್. 1660ರಲ್ಲಿ ಸಮುದ್ರಯಾನದಲ್ಲೇ ಮುಳುಗಿ ಸತ್ತ. ಇದೇ ಕುಲದ ಇನ್ನೊಂದು ಹಣ್ಣಿಗೆ ಇಂಗ್ಲಿಷಿನಲ್ಲಿ ‘ಗವರ್ನರ್ಸ್ ಪ್ಲಮ್’ ಎಂದೇ ಹೆಸರು, ನಿಜವಾದ ಪ್ಲಮ್ಮಿಗೂ ಇದಕ್ಕೂ ನಂಟಿಲ್ಲದಿದ್ದರೂ. ನಮ್ಮ ಬೆಟ್ಟದ ಹಣ್ಣಿಗೆ ಹೆಸರಿಟ್ಟವನು ಜಾನ್ ಗ್ರಹಾಂ, ಸ್ಕಾಟ್ಲೆಂಡಿನವನು. ಮುಂಬಯಿಯ ಅಂಚೆ ಇಲಾಖೆಯ ಅಧಿಕಾರಿ. ಕಚೇರಿ ಕೆಲಸದ ನಡುವೆ ಗಿಡಮರಗಳ ಪಟ್ಟಿ ಬರೆದ. 1839ರಲ್ಲಿ, ಆ ಪುಸ್ತಕ ಪೂರ್ತಿ ಅಚ್ಚಾಗುವ ಮೊದಲೇ, ಖಂಡಾಲದಲ್ಲಿ ತೀರಿಕೊಂಡ. ವಯಸ್ಸು ಮೂವತ್ತನಾಲ್ಕರ ಆಸುಪಾಸು. ಉಳಿದ ಭಾಗವನ್ನು ಜೋಸೆಫ್ ನಿಮ್ಮೊ ಮುಗಿಸಿದ.

ಇಬ್ಬರೂ ನನ್ನ ಹಾಗೆ ನೌಕರಿಗಾಗಿ ಊರು ಬಿಟ್ಟವರು. ಓದುತ್ತ ಓದುತ್ತ ನನಗೆ ನೆನಪಾದವಳು ಮಾತ್ರ ಆಯಿ. ಅವಳಿಗೆ ಯಾವ ನೌಕರಿ ಇತ್ತು? ಮಗನ ವರ್ಗಾವಣೆಗೆ ಅವಳು ಊರು ಬಿಟ್ಟಳು.

ಮೇ ತಿಂಗಳು, ಹಣ್ಣಾಗುವ ಕಾಲ. "ಈ ಸಲ ಹೋಗೋಣ" ಎಂದಿದ್ದೆ. ಆಡಿಟ್ ಬಂತು. "ಬರುವ ವರ್ಷ" ಅಂದೆ. ಬರುವ ವರ್ಷಕ್ಕೆ ಆಯಿ ಇರಲಿಲ್ಲ. ನಾಸಿಕದ ಗೋದಾವರಿಯಲ್ಲೇ ಅಸ್ಥಿ ಬಿಟ್ಟೆವು.

ಈಗ ರಜೆ ಕೇಳಬೇಕಾದ್ದಿಲ್ಲ, ಪ್ರತಿ ಮೇ ತಿಂಗಳು ಶಿರಸಿಗೆ ಹೋಗುತ್ತೇನೆ. ಹಣ್ಣನ್ನು ಅಂಗೈಗಳ ನಡುವೆ ಹೊರಳಿಸಿ ಮೆತ್ತಗೆ ಮಾಡಿ ತಿನ್ನಬೇಕೆಂದು ಆಯಿ ಕಲಿಸಿದ್ದಳು. ಹೊರಳಿಸುತ್ತಾ ಕೂತರೆ ತಿನ್ನುವುದು ಮರೆತೇಹೋಗುತ್ತದೆ.