ಎಕ್ಸೆಲ್ ಹಾಳೆಯಿಂದ ಡೇಟಾಬೇಸಿಗೆ



ಕಳೆದ ಮಳೆಗಾಲದ ಒಂದು ರಾತ್ರಿ ಓ ನೆಗೆಟಿವ್ ರಕ್ತ ಬೇಕೆಂದು ಕರೆ ಬಂತು. ನಮ್ಮ ಯುವಸಂಘದ ರಕ್ತದಾನಿಗಳ ಎಕ್ಸೆಲ್ ಪಟ್ಟಿ ತೆರೆಯಲು ಹೋದರೆ ಮೂರು ಪಟ್ಟಿಗಳಿದ್ದವು: 'ಫೈನಲ್', 'ಫೈನಲ್ 2', 'ಹೊಸ ಫೈನಲ್'. ಒಬ್ಬರೇ ದಾನಿಗೆ ಮೂರರಲ್ಲೂ ಬೇರೆ ಬೇರೆ ನಂಬರು. ಲ್ಯಾಂಡ್‌ಲೈನಿನ 04994ರ ಮೊದಲ ಸೊನ್ನೆಯನ್ನು ಎಕ್ಸೆಲ್ ನುಂಗಿಬಿಟ್ಟಿತ್ತು. ದಾನಿ ಸಿಕ್ಕಿದರು, ಆದರೆ ಮುಕ್ಕಾಲು ಗಂಟೆ ಹೋಯಿತು. ಈ ಹಾಳೆಗಳು ಯಾಕೆ ಹೀಗೆ ಎಂದು ಹುಡುಕುತ್ತಾ ಹೋದಾಗ ಸಿಕ್ಕಿದ ಕಥೆ ಇದು.

1978ರಲ್ಲಿ ಅಮೆರಿಕದ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ವಿದ್ಯಾರ್ಥಿ ಡಾನ್ ಬ್ರಿಕ್ಲಿನ್‌ಗೆ ಒಂದು ಯೋಚನೆ ಬಂತು. ಕಪ್ಪುಹಲಗೆಯ ಮೇಲಿನ ಲೆಕ್ಕದಲ್ಲಿ ಒಂದು ಅಂಕಿ ಬದಲಾದರೆ ಉಳಿದವನ್ನೆಲ್ಲ ಒರೆಸಿ ಮತ್ತೆ ಬರೆಯಬೇಕು. ಅದು ತಾನಾಗಿಯೇ ಬದಲಾದರೆ? ಗೆಳೆಯ ಬಾಬ್ ಫ್ರಾಂಕ್‌ಸ್ಟನ್ ಪ್ರೋಗ್ರಾಂ ಬರೆದರು. 1979ರಲ್ಲಿ ಆ್ಯಪಲ್ 2 ಕಂಪ್ಯೂಟರಿಗೆ ವಿಸಿಕ್ಯಾಲ್ಕ್ ಬಂತು. ಗಮನಿಸಿ, ಅದು ಹುಟ್ಟಿದ್ದು ಲೆಕ್ಕ ಮಾಡಲು. ಹೆಸರು, ವಿಳಾಸ ಜೋಪಾನ ಮಾಡಲು ಅಲ್ಲ. ಆದರೆ ಗೆರೆ ಎಳೆದ ಹಾಳೆ ಕಂಡರೆ ಪಟ್ಟಿ ಬರೆಯದೆ ಯಾರಿರುತ್ತಾರೆ! 1983ರ ಲೋಟಸ್ 1-2-3 ತನ್ನ ಹೆಸರಿನ ಮೂರನೇ ಕೆಲಸವಾಗಿ ಡೇಟಾಬೇಸನ್ನೇ ಸೇರಿಸಿಕೊಂಡಿತು. 1985ರಲ್ಲಿ ಎಕ್ಸೆಲ್ ಬಂತು.

ದಾಖಲೆ ಇಡುವ ಸರಿಯಾದ ದಾರಿ ಅದಕ್ಕೂ ಮೊದಲೇ ಸಿದ್ಧವಾಗಿತ್ತು. 1970ರಲ್ಲಿ ಐಬಿಎಂನ ಗಣಿತಜ್ಞ ಎಡ್ಗರ್ ಕಾಡ್ ಒಂದು ಲೇಖನ ಪ್ರಕಟಿಸಿದರು. ಮಾಹಿತಿಯನ್ನು ಹಲವು ಸರಳ ಕೋಷ್ಟಕಗಳಾಗಿ ಬಿಡಿಸಿ, ಗುರುತಿನ ಸಂಖ್ಯೆಯಂಥ ಒಂದು ಕೀಲಿಯಿಂದ ಅವನ್ನು ಜೋಡಿಸಬೇಕು ಎಂಬುದು ಅದರ ತಿರುಳು. ಹಾಗೆ ಮಾಡಿದರೆ ಒಂದು ಸಂಗತಿಯನ್ನು ಒಂದೇ ಜಾಗದಲ್ಲಿ ಬರೆದರೆ ಸಾಕು. ನಮ್ಮ ಚರ್ಚಿನ ಜ್ಞಾನಸ್ನಾನದ ಪುಸ್ತಕ ನೋಡಿದವರಿಗೆ ಇದು ಹೊಸದೇನಲ್ಲ: ಮದುವೆ ಎಲ್ಲೇ ಆಗಲಿ, ಜ್ಞಾನಸ್ನಾನವಾದ ಚರ್ಚಿಗೆ ತಿಳಿಸಿ, ಅದೇ ದಾಖಲೆಯ ಪಕ್ಕದಲ್ಲಿ ಬರೆಯಲೇಬೇಕು.

ಈ ವ್ಯತ್ಯಾಸದ ಬೆಲೆ 2020ರಲ್ಲಿ ಇಂಗ್ಲೆಂಡಿಗೆ ತಿಳಿಯಿತು. ಕೋವಿಡ್ ಪರೀಕ್ಷೆಯ ಫಲಿತಾಂಶಗಳನ್ನು ಲ್ಯಾಬ್‌ಗಳು ಸಾದಾ ಪಠ್ಯದ ಫೈಲುಗಳಲ್ಲಿ ಕಳಿಸುತ್ತಿದ್ದವು. ಪಬ್ಲಿಕ್ ಹೆಲ್ತ್ ಇಂಗ್ಲೆಂಡ್ ಅವನ್ನು ಎಕ್ಸೆಲ್‌ನ ಹಳೆಯ ಎಕ್ಸ್ಎಲ್ಎಸ್ ಹಾಳೆಗೆ ತುಂಬಿ, ಅಲ್ಲಿಂದ ಮುಂದಿನ ವ್ಯವಸ್ಥೆಗೆ ಸೇರಿಸುತ್ತಿತ್ತು. ಆ ಹಾಳೆಯಲ್ಲಿ ಹಿಡಿಯುವುದು 65,536 ಸಾಲು ಮಾತ್ರ. ಒಬ್ಬ ಸೋಂಕಿತರಿಗೆ ಹಲವು ಸಾಲು ಬೇಕಾದ್ದರಿಂದ ಒಂದು ಹಾಳೆಗೆ ಸುಮಾರು 1,400 ಜನ. ಮುಂದಿನವರು ಸದ್ದಿಲ್ಲದೆ ಬಿಟ್ಟುಹೋದರು. ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗೆ ಹೀಗೆ 15,841 ಪ್ರಕರಣಗಳು ದಿನದ ಲೆಕ್ಕದಿಂದ ತಪ್ಪಿದವು. ಸೋಂಕಿತರಿಗೆ ಫಲಿತಾಂಶವೇನೋ ತಲುಪಿತ್ತು. ಆದರೆ ಅವರ ಸಂಪರ್ಕದಲ್ಲಿದ್ದವರನ್ನು ಹುಡುಕುವ ಕೆಲಸ ದಿನಗಟ್ಟಲೆ ತಡವಾಯಿತು. 2007ರ ಎಕ್ಸೆಲ್ 10,48,576 ಸಾಲು ಹಿಡಿಯುತ್ತಿತ್ತು ನಿಜ. ಆದರೆ ಸಾಲು ಹೆಚ್ಚಿಸುವುದೇ ಉತ್ತರವೆಂದು ನಮಗನಿಸುವುದಿಲ್ಲ. ಸೇರಿಸಲಾಗದ ದಾಖಲೆ ಬಂದಾಗ 'ಆಗಲಿಲ್ಲ' ಎಂದು ಕೂಗಿ ಹೇಳುವ ವ್ಯವಸ್ಥೆ ಬೇಕಿತ್ತು.

ಅಂಥದ್ದನ್ನು ಕಟ್ಟುವುದು ಈಗ ದೊಡ್ಡ ಕಂಪನಿಗಳಿಗಷ್ಟೇ ಸಾಧ್ಯವಾದ ಕೆಲಸವಲ್ಲ. 2000ರಲ್ಲಿ ರಿಚರ್ಡ್ ಹಿಪ್ ಹೊರತಂದ ಎಸ್‌ಕ್ಯೂಲೈಟ್, ಇಡೀ ಡೇಟಾಬೇಸನ್ನು ಒಂದೇ ಫೈಲಿನಲ್ಲಿ ಇಡುತ್ತದೆ. ನಿಮ್ಮ ಮೊಬೈಲಿನಲ್ಲೂ ಅದಿದೆ. ಅಮೆರಿಕದ ಕಾನ್ಸಸ್‌ನ ಲಾರೆನ್ಸ್ ಪಟ್ಟಣದ ಪತ್ರಿಕಾ ಕಚೇರಿಯೊಂದರಲ್ಲಿ ಏಡ್ರಿಯನ್ ಹೊಲೊವಾಟಿ ಮತ್ತು ಸೈಮನ್ ವಿಲಿಸನ್ ಶುರುಮಾಡಿದ ಜಾಂಗೋ 2005ರಲ್ಲಿ ಎಲ್ಲರಿಗೂ ಉಚಿತವಾಗಿ ಸಿಕ್ಕಿತು. ಯಾವ ಕೋಷ್ಟಕ, ಯಾವ ಕಾಲಂ ಎಂದು ಬರೆದುಕೊಟ್ಟರೆ ಮಾಹಿತಿ ತುಂಬುವ ಪುಟ, ಲಾಗಿನ್ ಎಲ್ಲವನ್ನೂ ಅದೇ ಮಾಡಿಕೊಡುತ್ತದೆ. (ಹೆಸರು ಬಂದದ್ದು ಗಿಟಾರ್ ವಾದಕ ಜಾಂಗೋ ರೈನ್‌ಹಾರ್ಟ್‌ರಿಂದ. ನಮ್ಮ ಗಾಯನವೃಂದದವರು ಖುಷಿಪಡಲಿ!)

ನಾವೂ ಈ ಎರಡನ್ನೇ ಹಿಡಿದೆವು. ಮನೆಗಳಿಗೊಂದು ಕೋಷ್ಟಕ, ವ್ಯಕ್ತಿಗಳಿಗೊಂದು, ಕೊಟ್ಟ ರಕ್ತದ ದಿನಾಂಕಗಳಿಗೊಂದು. ಫೋನ್ ನಂಬರನ್ನು ಸಂಖ್ಯೆಯೆಂದಲ್ಲ, ಅಕ್ಷರಗಳ ಸಾಲೆಂದು ನಮೂದಿಸಿದೆವು. ಒಬ್ಬರನ್ನೇ ಎರಡು ಸಲ ಸೇರಿಸಲು ಹೋದರೆ ಅದು ಒಪ್ಪುವುದಿಲ್ಲ. ಕೋಡ್ ಬರೆಯಲು ಎರಡು ಭಾನುವಾರ ಸಾಕಾಯಿತು. ಮೂರು 'ಫೈನಲ್'ಗಳಲ್ಲಿ ಯಾವ ನಂಬರು ಸರಿಯೆಂದು ಮನೆಮನೆಗೆ ಹೋಗಿ ಕೇಳಲು ಒಂದು ತಿಂಗಳು ಬೇಕಾಯಿತು. ಇನ್ನೂ ಹನ್ನೊಂದು ಮನೆ ಬಾಕಿ ಇವೆ. ಈ ಭಾನುವಾರ ಎರಡನೇ ಪೂಜೆಯ ನಂತರ ಹೊರಡುತ್ತೇವೆ, ಬೈಕ್ ಇರುವವರು ಬನ್ನಿ.